ಹಸಿದ ಕೌದಿ ಕಳಿಸಲೊಲ್ಲದ ಚನ್ನವ್ವ

ಸೂಜಿಯ ಬಗ್ಗೆ ಬರೆಯಲು ಕುಳಿತವರು ಯಾರನ್ನೂ ಚುಚ್ಚಬಾರದು ಎಂಬ ಕಾನೂನೇನೂ ಇಲ್ಲ. ಆದರೂ ಒಂದು ಮಾತು ಕೊಡಬಹುದು: ಮುಂದೆ ಬರುವುದೆಲ್ಲ ನಡೆದದ್ದೇ. ಎಲ್ಲಾದರೂ ಸ್ವಲ್ಪ ಎಳೆದದ್ದು ಕಂಡರೆ ಅದು ದಾರ, ಮಾತಲ್ಲ.

ಗೋಕಾಕದ ಹಳೆಯ ಓಣಿಯೊಂದರಲ್ಲಿ ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ, ಹಾಲಿನ ಗಾಡಿ ಇನ್ನೂ ಬಂದಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಅರ್ಧ ಹೊಲಿದ ಕೌದಿಯೊಂದು ಕೈಕಾಲು ಚಾಚಿ ಮಲಗಿದೆ. ಅದರ ಅಂಚಿನಲ್ಲಿ ಮೊಣಕಾಲೂರಿ, ಮೂಗಿನ ತುದಿಗೆ ಕನ್ನಡಕ ಇಳಿಸಿ, ಅರವತ್ತೊಂದರ ಚನ್ನವ್ವ ಸಾಮುವೇಲ ಘೋಡಗೇರಿ ಸೂಜಿ ಓಡಿಸುತ್ತಿದ್ದಾರೆ. ಹಳೆಯ ಸೀರೆಗಳನ್ನು ಪದರಪದರವಾಗಿ ಪೇರಿಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಕೈಯಿಂದಲೇ ಸಾಲು ಹಿಡಿದು ಹೊಲಿದ ಹೊದಿಕೆಯೇ ಕೌದಿ ಎಂದು ಈ ಸೀಮೆಯವರಿಗೆ ಹೇಳಿದರೆ ನಗುತ್ತಾರೆ. ಹೊಳೆಯಾಚೆಯವರಿಗಾಗಿ ಹೇಳಿದ್ದು.

“ಏ ಚನ್ನೀ, ನಿನ್ನ ಸಾಲು ನೋಡಿಲ್ಲಿ. ಮೂಡಲಗಿಗೆ ಹೊಂಟಿದ್ದು ಹುಕ್ಕೇರಿ ದಾರಿ ಹಿಡದೈತಿ,” ಎನ್ನುತ್ತಾರೆ ಎದುರಿನ ಅಂಚಿನಲ್ಲಿ ಕುಳಿತ ಪಾರವ್ವ.

“ಹುಕ್ಕೇರಿಗೆ ಹೋದ್ರೂ ಹೊಳ್ಳಿ ಬರ್ತೈತಿ ತಗೋ. ನಿಂದು ನಿಂತ ಜಾಗಾದಾಗ ನಿಂತೈತಲ್ಲ, ಪೆಟ್ರೋಲ್ ತೀರಿದ ಟಂಟಂ ಹಂಗ.”

ಇಬ್ಬರೂ ಮೂವತ್ತು ವರ್ಷದಿಂದ ಬಾಜೂ ಮನೆಯವರು. ಒಬ್ಬರ ಕೊರಳಲ್ಲಿ ಇಷ್ಟಲಿಂಗ, ಇನ್ನೊಬ್ಬರ ಗೋಡೆಯ ಮೇಲೆ ಶಿಲುಬೆ. ನಡುವೆ ಆರು ಸೀರೆ ದಪ್ಪದ ಸ್ನೇಹ. ಬೈಗುಳ, ನಗೆ, ಸೂಜಿ ಮೂರೂ ಒಂದೇ ವೇಗದಲ್ಲಿ ಓಡುತ್ತವೆ. ಎರಡು ಅಂಚಿನಿಂದ ಶುರುವಾದ ಸಾಲುಗಳು ನಡುವಿನಲ್ಲಿ ಸೇರುವ ದಿನ ಒಂದು ಕೌದಿ ಮುಗಿಯುತ್ತದೆ.

ಈ ಕೌದಿಯನ್ನು ಹೊಚ್ಚಿಕೊಳ್ಳುವವರು ಮಾತ್ರ ಈ ಓಣಿಯವರಲ್ಲ, ಈ ದೇಶದವರೂ ಅಲ್ಲ. ಸಮುದ್ರದಾಚೆ, ಇಸ್ರೇಲಿನ ಮರಳುಗಾಡಿನ ಅಂಚಿಗೆ ಡಿಮೋನಾ ಎಂಬ ಊರಿದೆ. ಅಲ್ಲಿ ಹಿರಿಯ ಯೆಹೂದಿಗಳು ಹಗಲು ಹೊತ್ತು ಕೂಡಿ ಕಳೆಯುವ ಮನೆಯೊಂದಿದೆ. ಗೋಕಾಕದ ಸೀರೆಗಳು ಕೊನೆಗೆ ಸೇರುವುದು ಅಲ್ಲಿನ ಹೆಗಲುಗಳ ಮೇಲೆ. ಚನ್ನವ್ವನಿಗೆ ಇದರಿಂದ ಪಗಾರವಿಲ್ಲ, ಪದಕವಿಲ್ಲ, ಪೇಪರಿನಲ್ಲಿ ಫೋಟೊ ಕೂಡ ಇಲ್ಲಿಯವರೆಗೆ ಇರಲಿಲ್ಲ. ಅವರು ‘ಎಣ್ಣೆಮರ ಸ್ನೇಹ ಬಳಗ’ ಎಂಬ ಕ್ರೈಸ್ತ ಸೇವಾಸಂಸ್ಥೆಯ ಸ್ವಯಂಸೇವಕಿ. ಮುಂಬೈಯಲ್ಲಿ ಮುಖ್ಯ ಕಚೇರಿಯಿರುವ ಬಳಗಕ್ಕೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕು ಸೇರಿ ಒಂದು ಶಾಖೆ, ಒಟ್ಟು ಹನ್ನೊಂದು ಜನ. ಮೂಡಲಗಿಯ ಅಕ್ಕಂದಿರು ಮನೆಮನೆಗೆ ಹೋಗಿ ಹಳೆ ಸೀರೆ ಕೂಡಿಸುತ್ತಾರೆ. ಹುಕ್ಕೇರಿಯವರು ಒಗೆದು, ಒಣಗಿಸಿ, ಗಂಟು ಕಟ್ಟಿ ಬಸ್ಸಿಗೆ ಹಾಕುತ್ತಾರೆ. ಹೊಲಿಗೆ ಗೋಕಾಕದ್ದು. ಗುರುವಾರ ಮಧ್ಯಾಹ್ನ ಎಲ್ಲರೂ ಕೂಡಿ ಯೆಹೂದಿ ಜನರ ಕ್ಷೇಮಕ್ಕಾಗಿ ಪ್ರಾರ್ಥನೆ ಮಾಡುತ್ತಾರೆ, ಒಂಟಿಯಾಗಿರುವ ಹಿರಿಯರಿಗೆ ಪತ್ರ ಬರೆಯುತ್ತಾರೆ, ಫೋನು ಹಚ್ಚುತ್ತಾರೆ. ಬಳಗದ ಮೊದಲ ನಿಯಮ: ಗಂಟಿನೊಳಗೆ ಬೋಧನೆಯ ಚೀಟಿ ಇಡುವಂತಿಲ್ಲ, ಫೋನಿನಲ್ಲಿ ಮತದ ಮಾತೆತ್ತುವಂತಿಲ್ಲ. ಬೆಚ್ಚಗಿರಲಿ, ಅಷ್ಟೇ.

“ನೀವ್ಯಾಕ ಇದನ್ನ ಮಾಡ್ತೀರಿ?” ಎಂದು ಕೇಳಿದರೆ ಚನ್ನವ್ವ ಸೂಜಿ ನಿಲ್ಲಿಸುವುದಿಲ್ಲ.

“ನೋಡ್ರಿ, ಯೇಸುಸ್ವಾಮಿ ಯಾರ ಮನಿ ಮಗ? ಅವರ ಮನಿ ಮಗನ. ಮರಿಯವ್ವನ ತವರಮನಿ ಅದು. ಮಗನ್ನ ನಮ್ಮ ಮನ್ಯಾಗ ಇಟಗೊಂಡು ದಿನಾ ಹಾಡಿ ಹೊಗಳಿ, ಅವನ ಅವ್ವನ ಕಡಿಯವ್ರು ಥಂಡ್ಯಾಗ ಕುಂತ್ರ ನಾವು ಹೊಳ್ಳಿ ನೋಡ್ಲಿಲ್ಲಂದ್ರ, ಬೀಗತನ ಹೆಂಗ ನಡೀತೈತಿ?”

ಇದೇ ಪ್ರಶ್ನೆ ಪಾರವ್ವನಿಗೆ ಹೋದರೆ ಉತ್ತರ ಬೇರೆ. “ಈಕಿ ಒಬ್ಬಾಕಿನ ಹೊಲದ್ರ, ಗೋಕಾಕ ಮಂದಿ ಎಲ್ಲಾರೂ ಡೊಂಕ ಅಂತ ತಿಳ್ಕೊಂಡಾರ್ರಿ ಆ ದೇಶದವ್ರು. ಊರ ಮಾನ ಉಳಸಾಕ ಬರ್ತೇನಿ.”

ಚನ್ನವ್ವ ಹುಟ್ಟಿದ್ದು ಹುಕ್ಕೇರಿ ತಾಲ್ಲೂಕಿನ ಕಣಗಲಾದಲ್ಲಿ. ಹೆದ್ದಾರಿಯ ಪಕ್ಕದ ಊರು; ಮನೆಯೊಳಗೆ ಕನ್ನಡ, ಹೊರಗೆ ಮರಾಠಿ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು ತಂಬಾಕಿನ ಹೊಲದಲ್ಲಿ ಕೂಲಿ. ಹದಿನೆಂಟಕ್ಕೆ ಘೋಡಗೇರಿ ಮನೆತನದ ಸಾಮುವೇಲರ ಜೊತೆ ಮದುವೆ. ಅವರು ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನೂಲುವ ಕೆಲಸಕ್ಕಿದ್ದರು. ಗಂಡ ನೂಲು ಮಾಡುವುದು, ಹೆಂಡತಿ ನೂಲು ಮುಗಿಸುವುದು. ಸಂಸಾರ ಹೀಗೆ ಮೂವತ್ತನಾಲ್ಕು ವರ್ಷ ನಡೆಯಿತು. ಕೌದಿಯ ಕೈ ಬಂದದ್ದು ಅತ್ತೆಯಿಂದ. ಬಾಣಂತಿಗೆ, ಕೂಸಿಗೆ, ಮದುಮಕ್ಕಳಿಗೆ ಎಂದು ಊರವರು ಸೀರೆ ತಂದು ಕೊಡುತ್ತಾರೆ, ಹೊಟ್ಟೆಪಾಡು ಅದರಲ್ಲೇ.

ಒಂಬತ್ತು ವರ್ಷದ ಹಿಂದೆ ಸಾಮುವೇಲ ತೀರಿಕೊಂಡರು. ಮೊದಲ ಪಾಳಿಗೆ ಹೋಗುವ ಗಂಡನಿಗೆ ಬುತ್ತಿ ಕಟ್ಟಲು ಐದಕ್ಕೆ ಏಳುವ ಚಾಳಿ ಮಾತ್ರ ಉಳಿಯಿತು. “ಎದ್ದಾಕಿ ಏನ್ ಮಾಡ್ಲಿ? ಬುತ್ತಿ ಕಟ್ಟಾಕ ಮನಷ್ಯಾ ಇಲ್ಲ. ಮಲಗಾಕ ನಿದ್ದಿ ಇಲ್ಲ. ಹೆಣ್ಮಕ್ಕಳಿಬ್ರೂ ಗಂಡನ ಮನ್ಯಾಗ. ಸುಮ್ನ ಕುಂತ್ರ ಅಳು ಬರ್ತಿತ್ರಿ. ಸೂಜಿ ಹಿಡದ್ರ, ಕೈಗೆ ಚುಚ್ಚಿದ್ರ ಮಾತ್ರ ಅಳು,” ಎಂದು ನಗುತ್ತಾರೆ.

ಆ ಹೊತ್ತಿಗೆ ಸರಿಯಾಗಿ ಬಂದವಳು ಹುಕ್ಕೇರಿಯ ಮಾಲಾ. ಇಸ್ರೇಲಿನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೆಲಸ ಅವಳದ್ದು. ಏಳು ವರ್ಷದ ಹಿಂದೆ ರಜೆಗೆ ಬಂದವಳು ಭಾನುವಾರದ ಆರಾಧನೆ ಮುಗಿದ ಮೇಲೆ ಹೆಂಗಸರ ಗುಂಪಿನಲ್ಲಿ ಹೇಳಿದಳಂತೆ: “ನಾ ನೋಡ್ಕೊಳ್ಳೋ ಆಜಿ ಮರಾಠಿ ಮಾತಾಡ್ತಾರ್ರಿ. ಮಿಲ್ಕಾಬಾಯಿ ಅಂತ. ಕೊಂಕಣದಾಕಿ, ಹಿಂದೂಸ್ತಾನದ ಯೆಹೂದಿ. ಮನ್ಯಾಗ ಹೀಟರ್ ಐತಿ, ಉಣ್ಣಿ ರಗ್ಗ ಐತಿ. ಆದ್ರೂ ಥಂಡಿ ಬಂತಂದ್ರ ‘ಗೋಧಡಿ, ಗೋಧಡಿ’ ಅಂತ ಹಟ ಹಿಡೀತಾರ.” ಗೋಧಡಿ ಎಂದರೆ ನಮ್ಮ ಕೌದಿಯೇ. ಚನ್ನವ್ವ ಮನೆಗೆ ಹೋಗಿ, ತಮ್ಮ ಟ್ರಂಕಿನಿಂದ ತಮ್ಮದೇ ಕೌದಿ ತೆಗೆದು ಮಾಲಾಳ ಕೈಗಿಟ್ಟರು. ಅದು ಮಾಲಾಳ ಬ್ಯಾಗಿನಲ್ಲಿ ವಿಮಾನ ಹತ್ತಿತು. ಹದಿನೈದು ದಿನಕ್ಕೆ ಫೋನು ಬಂತು. ಆ ಕಡೆಯಿಂದ ಎಂಬತ್ತು ದಾಟಿದ ದನಿ, ಅಪ್ಪಟ ಕೊಂಕಣಿ ಮರಾಠಿಯಲ್ಲಿ ಕೇಳಿದ ಮೊದಲ ಪ್ರಶ್ನೆ: “ಹೊಲಿಗೆ ನಿಂದೇನ? ಒಂದು ಸಾಲು ಡೊಂಕಾಗೈತಲ್ಲ?”

ಪಾರವ್ವ ಬಳಗ ಸೇರಿದ್ದು ಆ ದಿನದಿಂದ.

ಮಿಲ್ಕಾಬಾಯಿಯೂ ಗಿರಣಿಯವರೇ. ಅರವತ್ತು ವರ್ಷದ ಹಿಂದೆ ಗಂಡನ ಜೊತೆ ಹಡಗು ಹತ್ತಿ ಹೋಗಿ, ಡಿಮೋನಾದ ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವರು. ಇಬ್ಬರು ಗಿರಣಿ ಮನೆಯ ಹೆಂಗಸರ ಮಾತು ಶುರುವಾದರೆ ಫೋನು ಬಿಸಿಯಾಗಿ ಕೈ ಬದಲಿಸಬೇಕು. ಈಚಿನ ವರ್ಷಗಳಲ್ಲಿ ಆ ಮಾತಿನ ನಡುವೆ ಸೈರನ್ ಕೂಗಿದ್ದೂ ಉಂಟು. ಯುದ್ಧ. ಸೈರನ್ ಆದ ಕೂಡಲೆ ಹಿರಿಯರನ್ನೆಲ್ಲ ಬಂಕರಿಗೆ ಇಳಿಸುತ್ತಾರೆ. ಕೆಳಗೆ ಕಾಂಕ್ರೀಟಿನ ನೆಲ, ಮಂಜುಗಡ್ಡೆಯಂಥ ತಂಪು. ರಗ್ಗು ಭಾರ, ಎತ್ತಿಕೊಂಡು ಮೆಟ್ಟಿಲು ಇಳಿಯಲಾಗದು. ಕೌದಿಯಾದರೆ ಹೆಗಲಿಗೆ ಹಾಕಿಕೊಂಡರೆ ಆಯಿತು. ಮಿಲ್ಕಾಬಾಯಿಯ ಕೌದಿಯನ್ನು ನೋಡಿ ಉಳಿದವರಿಗೂ ಆಸೆಯಾಯಿತು. ಹೀಗೆ ಒಂದು ಒಂಬತ್ತಾಯಿತು, ಒಂಬತ್ತು ನಲವತ್ತಾಯಿತು.

ಯುದ್ಧದ ಇನ್ನೊಂದು ಕಡೆಯವರ ಬಗ್ಗೆ ಕೇಳಿದಾಗ ಚನ್ನವ್ವ ಸೂಜಿ ನಿಲ್ಲಿಸುತ್ತಾರೆ. “ಗಾಜಾದಾಗೂ ಮುದುಕ್ಯಾರು, ಕೂಸುಗಳು ಅದಾವಲ್ರಿ. ಟಿ.ವಿ. ನೋಡಾಕ ಆಗೂದಿಲ್ಲ ನನಗ. ಗುರುವಾರ ಪ್ರಾರ್ಥನಿ ಮಾಡೂಮುಂದ ಅವರನ್ನ ಬಿಟ್ಟು ಮಾಡಂಗಿಲ್ಲ ನಾ. ದಾರಿ ತೆರದ್ರಂದ್ರ ಅಲ್ಲಿಗೂ ಒಂದು ಗಂಟು. ಸೀರಿಗೇನ್ ಬರಾ ಐತಿ ನಮ್ಮ ಕಡಿ?” ಮತ್ತೆ ಸೂಜಿ ಓಡುತ್ತದೆ.

ಲೆಕ್ಕ ಬೇಕೆನ್ನುವವರಿಗೆ ಇಷ್ಟು: ಒಂದು ಕೌದಿಗೆ ಆರು ಸೀರೆ, ಒಳಪದರಕ್ಕೆ ಒಂದು ಧೋತರ, ಹದಿನೆಂಟು ಮುಂಜಾನೆ. ಸೂಜಿ ಎರಡು. “ಒಂದು ಮುರ್ಯಾಕ, ಒಂದು ಕಳ್ಯಾಕ,” ಎನ್ನುತ್ತಾರೆ ಪಾರವ್ವ. ಐದೂವರೆಯಿಂದ ಎಂಟರವರೆಗೆ ಬಳಗದ ಹೊಲಿಗೆ, ಎಂಟರ ಮೇಲೆ ಊರವರದ್ದು. ಏಳು ವರ್ಷದಲ್ಲಿ ಡಿಮೋನಾ ಸೇರಿದ ಕೌದಿಗಳು ಎಪ್ಪತ್ತೇಳು. ಚನ್ನವ್ವನ ಎಡಗೈ ತೋರುಬೆರಳಿನ ತುದಿ ಈಗ ಎಷ್ಟು ಗಟ್ಟಿಯೆಂದರೆ, ಫೋನಿನ ಪರದೆ ಅದನ್ನು ಬೆರಳೆಂದು ಒಪ್ಪುವುದಿಲ್ಲ. ಕರೆ ಎತ್ತಬೇಕಾದರೆ ಕಿರುಬೆರಳು ಬಳಸುತ್ತಾರೆ.

ಇಷ್ಟೆಲ್ಲ ಸುಸೂತ್ರವಾಗಿ ನಡೆದಿದ್ದ ಸೇವೆ ಹೋದ ಫೆಬ್ರುವರಿಯಲ್ಲಿ ಮುಚ್ಚುವ ಹಂತಕ್ಕೆ ಬಂತು. ಕಾರಣ, ರೊಟ್ಟಿ.

ಚನ್ನವ್ವನ ಅತ್ತೆಯ ಕಾಲದಿಂದ ಆ ಮನೆಯಲ್ಲಿ ಒಂದು ಪದ್ಧತಿ. ಕೌದಿಯ ನಾಲ್ಕೂ ಅಂಚು ಮುಗಿದು ಕೊನೆಯ ಮೂಲೆ ಉಳಿದಾಗ, ಅದನ್ನು ಹಾಗೇ ಮುಚ್ಚುವುದಿಲ್ಲ. ಒಂದು ಚೂರು ಜೋಳದ ರೊಟ್ಟಿಯನ್ನು ಒಳಗಿಟ್ಟು ಆಮೇಲೆ ಹೊಲಿಯುತ್ತಾರೆ. ಇದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎಂದು ಹೆಸರು. ಕೌದಿ ಹಸಿದಿದ್ದರೆ ಅದನ್ನು ಹೊಚ್ಚಿಕೊಂಡವರೂ ಹಸಿಯುತ್ತಾರೆ ಎಂಬ ನಂಬಿಕೆ. ಬಳಗದ ನಿಯಮದ ಪಟ್ಟಿಯಲ್ಲಿ ಮಾತ್ರ ನಾಲ್ಕನೆಯದಾಗಿ ಸ್ಪಷ್ಟವಾಗಿ ಬರೆದಿತ್ತು: ಗಂಟಿನೊಳಗೆ ಧಾನ್ಯ, ಬೀಜ ಇರಕೂಡದು, ಆ ದೇಶ ಒಳಗೆ ಬಿಡುವುದಿಲ್ಲ.

ನಿಯಮ ಓದಿ ಹೇಳುವ ಕೆಲಸ ರಾಜಪ್ಪನವರದ್ದು. ಮೂರು ತಾಲ್ಲೂಕಿನ ಸಂಚಾಲಕರು, ಚನ್ನವ್ವನ ಚರ್ಚಿನ ಸಭೆಯವರೇ. ಹಿಡಕಲ್ ಡ್ಯಾಮಿನಲ್ಲಿ ಮೂವತ್ತೊಂದು ವರ್ಷ ನೀರಿನ ಮಟ್ಟ ಬರೆದು ನಿವೃತ್ತರಾದವರು. ಮಾತಾಡಿದರೂ ಮಟ್ಟ ಬರೆದಂತೆಯೇ. ಅವರು ಹೊರಟುಹೋದ ಮೇಲೆ ಪಾರವ್ವ ಸೆರಗನ್ನು ಶಾಲಿನಂತೆ ಹೊದ್ದು, ಗಂಟಲು ಸರಿಮಾಡಿ ಅವರ ದನಿ ತೆಗೆಯುವುದುಂಟು: “ಇಂದು ಮುಂಜಾನಿ ಎಂಟು ಗಂಟೆಕ್ಕ ಚನ್ನವ್ವಕ್ಕನ ಚಹಾದ ಮಟ್ಟ, ಅರ್ಧಾ ಕಪ್ಪಿಗೆ ಎರಡ ಬೆರಳ ಕಮ್ಮಿ. ಒಳಹರಿವು ಇಲ್ಲ.”

ಹೋದ ಚಳಿಗಾಲಕ್ಕೆಂದು ಹನ್ನೊಂದು ಕೌದಿ ಮುಂಬೈಗೆ ಹೋಗಿದ್ದವು. ಅಲ್ಲಿ ಪೆಟ್ಟಿಗೆ ಕಟ್ಟುವ ಕೋಣೆಯಲ್ಲಿ ಒಂದು ಬೆಳಗ್ಗೆ ಇರುವೆಗಳ ಸಾಲೊಂದು ಕಂಡಿತು. ಹಿಂಬಾಲಿಸಿದರೆ ಸಾಲು ನೇರ ಗೋಕಾಕದ ಗಂಟಿನೊಳಗೆ. ಮೂಲೆ ಬಿಚ್ಚಿದರೆ ರೊಟ್ಟಿ, ರೊಟ್ಟಿಯೊಳಗೆ ನುಸಿ. ಹನ್ನೊಂದಕ್ಕೆ ಹನ್ನೊಂದೂ ತಿರುಗಿ ಬಂದವು, ಜೊತೆಗೊಂದು ಪತ್ರ. ಇನ್ನೊಮ್ಮೆ ಹೀಗಾದರೆ ಗೋಕಾಕ ಶಾಖೆಯ ಗಂಟು ಸ್ವೀಕರಿಸುವುದಿಲ್ಲ.

ರಾಜಪ್ಪ ಆ ಪತ್ರವನ್ನು ಚನ್ನವ್ವನ ಕಟ್ಟೆಯ ಮೇಲೆ ನಿಂತೇ ಓದಿದರು.

“ಚನ್ನವ್ವಕ್ಕ, ನಾಲ್ಕನೇ ನಿಯಮ ನಾ ಓದಿ ಹೇಳಿದ್ನೋ ಇಲ್ಲೋ?”

“ಹೇಳಿದ್ರಿ.”

“ಧಾನ್ಯ ಇಡಬ್ಯಾಡ್ರಿ ಅಂದಿದ್ನೋ ಇಲ್ಲೋ?”

“ಧಾನ್ಯ ಎಲ್ಲಿ ಇಟ್ಟೇನ್ರಿ? ಒಂದ ಕಾಳ ತೋರಸ್ರಿ ನೋಡೂಣು. ನಾ ಇಟ್ಟಿದ್ದು ರೊಟ್ಟಿ.”

“ರೊಟ್ಟಿ ಏನ್ ಹೊಳಿ ಮರಳಿಂದ ಬಡೀತಾರೇನ್ರಿ?”

“ಸುಟ್ಟ ಮ್ಯಾಲ ಅದು ಧಾನ್ಯ ಅಲ್ಲ ಬಿಡ್ರಿ. ಬಿತ್ತಿ ನೋಡ್ರಿ, ಬೆಳೀತೈತೇನು?”

ಏಳು ವರ್ಷ ಚನ್ನವ್ವ ಈ ವಾದವನ್ನು ಮನಸ್ಸಿನಲ್ಲೇ ಇಟ್ಟುಕೊಂಡು, ನಿಯಮ ಮುರಿದೆನೆಂಬ ಅಳುಕೂ ಇಲ್ಲದೆ ಅರವತ್ತಮೂರು ಕೌದಿಗಳ ಹೊಟ್ಟೆ ತುಂಬಿಸಿ ಕಳಿಸಿದ್ದರು. ಇರುವೆಗಳು ಸುಮ್ಮನಿದ್ದರೆ ಅರವತ್ತನಾಲ್ಕನೆಯದೂ ಉಂಡೇ ಹೋಗುತ್ತಿತ್ತು. ಈಗ ರೊಟ್ಟಿ ಬಿಡಬೇಕು, ಇಲ್ಲವೇ ಸೇವೆ ಬಿಡಬೇಕು. ರಾಜಪ್ಪ ಮುಂಬೈಗೆ ಬರೆದುಕೊಟ್ಟರು: ಗೋಕಾಕದ ಗಂಟಿಗೆ ಇನ್ನು ಮೇಲೆ ನಾನೇ ಹೊಣೆ. ಚನ್ನವ್ವ ಮಾತ್ರ ಏನೂ ಬರೆದುಕೊಡಲಿಲ್ಲ. ಹನ್ನೊಂದು ಕೌದಿಗಳನ್ನು ಮಡಚಿ ಟ್ರಂಕಿನ ಮೇಲಿಟ್ಟರು. ಮರುದಿನ ಐದಕ್ಕೆ ಎದ್ದರು. ಕಟ್ಟೆಗೆ ಬಂದು ಕುಳಿತರು. ಎಂಟು ಹೊಡೆಯುವವರೆಗೆ ಸೂಜಿ ಹಿಡಿಯಲಿಲ್ಲ.

ಮೂರು ತಿಂಗಳು ಹೀಗೇ. ಪಾರವ್ವ ಬಂದು ಎದುರಿಗೆ ಕುಳಿತು, ಬೈಯಲು ಡೊಂಕು ಸಾಲೂ ಇಲ್ಲದೆ ಚಡಪಡಿಸುತ್ತಿದ್ದರು. “ಬೈಗುಳ ಒಳಗ ಉಳದು ನನಗ ಅಜೀರ್ಣ ಆಗಿತ್ರಿ,” ಎಂದು ಆ ದಿನಗಳನ್ನು ನೆನೆಯುತ್ತಾರೆ. ಒಂದು ದಿನ ರಾಜಪ್ಪ ಬಹಳ ಯೋಚಿಸಿ ಒಂದು ಉಪಾಯ ತಂದರು: ಬಿಳಿ ಬಟ್ಟೆಯನ್ನು ದುಂಡಗೆ ಕತ್ತರಿಸಿ, ಮೇಲೆ ಕಪ್ಪು ದಾರದಿಂದ ಸುಟ್ಟ ಚುಕ್ಕೆ ಹಾಕಿ, ಬಟ್ಟೆಯ ರೊಟ್ಟಿ ಮಾಡಿ ಮೂಲೆಗಿಟ್ಟರೆ?

ಅವರು ಮಾದರಿಗೆಂದು ಮಾಡಿ ತಂದದ್ದನ್ನು ಚನ್ನವ್ವ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. “ಚಂದ ಐತ್ರಿ. ಇವತ್ತ ಮಧ್ಯಾಹ್ನ ಊಟಕ್ಕ ಇದನ್ನ ಉಣ್ರಿ ನೀವು. ಹೊಟ್ಟಿ ತುಂಬಿತಂದ್ರ ಸಂಜಿಗೆ ಬಂದು ಹೇಳ್ರಿ, ನಾ ಹೊಲೀತೇನಿ.”

ರಾಜಪ್ಪ ಸಂಜೆಗೆ ಬರಲಿಲ್ಲ.

ಮೇ ತಿಂಗಳಿನ ಒಂದು ಗುರುವಾರ ಮಿಲ್ಕಾಬಾಯಿಯೇ ಫೋನು ಮಾಡಿದರು. ಈ ಸಲದ ಕೌದಿ ಯಾಕೆ ಬರಲಿಲ್ಲ, ಇಲ್ಲಿ ಹನ್ನೊಂದು ಮಂದಿ ಕೇಳಿ ಕೇಳಿ ನನ್ನ ತಲೆ ತಿನ್ನುತ್ತಿದ್ದಾರೆ ಎಂದು. ಚನ್ನವ್ವ ಮೊದಲು ಮೈಯಲ್ಲಿ ಹುಷಾರಿಲ್ಲ ಎಂದರು, ಆಮೇಲೆ ಕಣ್ಣಿನ ಆಪರೇಷನ್ ಎಂದರು. ಅದು ಎರಡು ವರ್ಷದ ಹಿಂದೆಯೇ ಆಗಿತ್ತು ಎಂದು ಮಿಲ್ಕಾಬಾಯಿಗೆ ನೆನಪಿತ್ತು. ಕೊನೆಗೆ ಇರುವೆಯಿಂದ ಹಿಡಿದು ಬಟ್ಟೆ ರೊಟ್ಟಿಯವರೆಗೆ ಎಲ್ಲವನ್ನೂ ಹೇಳಿ, ಸೆರಗಿನಿಂದ ಮೂಗು ಒರೆಸಿಕೊಂಡರು. “ಉಪಾಸ ಕೆಡವಿ ಕಳಸಾಕ ನನ್ನ ಕೈಲೆ ಆಗೂದಿಲ್ಲ ಮಾವಶಿ. ಹಂಗಂತ ನೀವು ಥಂಡ್ಯಾಗ ಕುಂದ್ರೂದೂ ಆಗೂದಿಲ್ಲ.”

ಮಿಲ್ಕಾಬಾಯಿ ಮರಾಠಿಯಲ್ಲಿ ಹೇಳಿದ್ದನ್ನು ನಮ್ಮ ಕಡೆಯ ಮಾತಿಗೆ ತಿರುಗಿಸಿದರೆ ಇಷ್ಟು: “ಹುಚ್ಚೀ, ಮಗಳನ್ನ ಗಂಡನ ಮನಿಗೆ ಕಳಸೂ ಮುಂದ ಮುಂದಿಂದೆಲ್ಲಾ ಊಟ ಕಟ್ಟಿ ಕಳಸ್ತಾರೇನು? ಹೋದ ಮನ್ಯಾಗ ಉಣ್ತಾಳಲ್ಲ! ಮೂಲಿ ಹೊಲೀಬ್ಯಾಡ. ಹಂಗ ಬಿಟ್ಟು ಕಳಸು. ಇಲ್ಲಿ ನಾವು ನಮ್ಮ ಕೈಯಾರೆ ತುತ್ತ ಇಟ್ಟು ಮುಚ್ಚತೇವಿ. ನನಗೂ ಸೂಜಿ ಹಿಡ್ಯಾಕ ಬರ್ತೈತಿ, ನಿನಗಿಂತ ನೆಟ್ಟಗ.”

ಚನ್ನವ್ವ ಆ ರಾತ್ರಿ ಕಳೆಯುವುದನ್ನೂ ಕಾಯಲಿಲ್ಲ. ಇನ್ನೂ ಬಿಸಿಲಿರುವಾಗಲೇ ಹನ್ನೊಂದೂ ಕೌದಿಗಳನ್ನು ಕಟ್ಟೆಗೆ ತಂದು, ಮೂಲೆ ಬಿಚ್ಚಿ, ಕೊಡವಿ, ಒಗೆದು ಹಗ್ಗಕ್ಕೆ ಹಾಕಿದರು. ಮರುದಿನ ಐದೂವರೆಗೆ ಹೊಸ ಕೌದಿಗೆ ಸೀರೆ ಹಾಸಿದರು. ಆಗಸ್ಟಿನ ಹೊತ್ತಿಗೆ ಇನ್ನೂ ಮೂರು ಸೇರಿ ಹದಿನಾಲ್ಕಾದವು. ಹದಿನಾಲ್ಕಕ್ಕೂ ಒಂದೊಂದು ಮೂಲೆ ನಾಲ್ಕು ಬೆರಳಿನಷ್ಟು ತೆರೆದೇ ಉಳಿಯಿತು. ಆ ಮೂಲೆಯಲ್ಲಿ ಒಂದು ಕೆಂಪು ದಾರದ ಎಳೆ ಜೋತುಬಿಟ್ಟಿರುತ್ತದೆ, ಮುಂದಿನ ಹೊಲಿಗೆಗೆಂದು.

ರಾಜಪ್ಪನವರಿಗೆ ಈಗ ಹೊಸ ಚಿಂತೆ. ಮುಚ್ಚಿದ ಮೂಲೆಯೊಳಗೆ ಏನಿತ್ತೆಂದು ಮೊದಲು ಹೆದರಿದ್ದರು. ಈಗ ತೆರೆದ ಮೂಲೆಯೊಳಗೆ ಏನು ಹೊಕ್ಕೀತೆಂದು ಹೆದರಿಕೆ. ಗಂಟು ಕಟ್ಟುವ ದಿನ ಒಂದೊಂದೇ ಮೂಲೆಯನ್ನು ಒಳಹೊರಗು ಮಾಡಿ, ಊದಿ, ಬೆರಳು ಹಾಕಿ ತಡವಿ, ಸೇಫ್ಟಿ ಪಿನ್ ಚುಚ್ಚಿದರು. ಪಾರವ್ವ ಪಕ್ಕದಲ್ಲೇ ನಿಂತಿದ್ದರು. “ರಾಜಪ್ಪಣ್ಣ, ಬಾಯಿ ತೆರದು ನೋಡ್ರಿ, ಹಲ್ಲ ಬಂದಾವೇನು!” ಗಂಟು ಬೆಳಗಾವಿಯ ಬಸ್ಸು ಹತ್ತಿತು. ಮುಂಬೈಯಲ್ಲಿ ಇರುವೆ ಕಾಣಲಿಲ್ಲ. ಆಮೇಲೆ ಮೂರು ತಿಂಗಳು ಸುದ್ದಿಯೇ ಇಲ್ಲ. ಯುದ್ಧ, ವಿಮಾನ, ಕಾಗದಪತ್ರ ಎಂದು ದಿನಗಳು ಮುಂದೆ ಹೋದವು. ನವೆಂಬರಿನ ಚಳಿ ಬಂತು. ಚನ್ನವ್ವ ಪ್ರತಿ ಗುರುವಾರ ಫೋನಿನ ಕಡೆ ನೋಡುವುದು, ರಾಜಪ್ಪ ಚನ್ನವ್ವನ ಕಡೆ ನೋಡುವುದು.

ನೀವೇ ಒಮ್ಮೆ ಆ ದೇಶಕ್ಕೆ ಹೋಗಿ ಬರಬೇಕೆಂದು ಆಸೆಯಿಲ್ಲವೇ ಎಂದು ಯಾರೋ ಕೇಳಿದ್ದಕ್ಕೆ ಚನ್ನವ್ವನ ಉತ್ತರ ಓಣಿಯಲ್ಲಿ ಈಗಲೂ ಓಡಾಡುತ್ತಿದೆ: “ವಿಮಾನದಾಗ ಸೂಜಿ ಕೈಯಾಗ ಹಿಡಕೊಂಡು ಕುಂದ್ರಾಕ ಬಿಡೂದಿಲ್ಲಂತ್ರಿ. ಅಷ್ಟೊತ್ತು ಸುಮ್ನ ಕುಂತು ನಾ ಏನ್ ಮಾಡ್ಲಿ?”

ಕಳೆದ ತಿಂಗಳಿನ ಕೊನೆಯ ಗುರುವಾರ, ಮಧ್ಯಾಹ್ನದ ಮೂರೂವರೆ. ಪ್ರಾರ್ಥನೆ ಮುಗಿದು ಉಳಿದವರು ಹೋಗಿದ್ದಾರೆ, ಚಹಾ ಬಂದಿದೆ. ರಾಜಪ್ಪ ಕುರ್ಚಿಯಲ್ಲಿ, ಪಾರವ್ವ ಹೊಸ್ತಿಲಲ್ಲಿ, ಚನ್ನವ್ವ ಹೊಸ ಕೌದಿಯ ಮುಂದೆ. ಫೋನು ಬಡಿಯಿತು. ಕಿರುಬೆರಳಿನಿಂದ ಎತ್ತಿ, ಸ್ಪೀಕರ್ ಹಚ್ಚಿದರು. ಮುಖ ಕಾಣದ ಕರೆ. ದಪ್ಪ, ಗೊಗ್ಗರು ದನಿ.

“ಹಲೋ! ಕಸ್ಟಮ್ಸ್ ಸೇ ಬೋಲ್ ರಹಾ ಹೂಂ. ಚನ್ನವ್ವ ಘೋಡಗೇರಿ ಕೌನ್ ಹೈ?”

ಚನ್ನವ್ವ ಎದ್ದು ನಿಂತು ತಲೆಯ ಮೇಲೆ ಸೆರಗು ಹೊದ್ದರು.

ಹಿಂದಿಯಲ್ಲಿ ಆ ದನಿ ಮುಂದುವರಿಯಿತು. ನಿಮ್ಮ ಊರಿನ ಹದಿನಾಲ್ಕು ಹೊದಿಕೆಗಳನ್ನು ತಡೆಹಿಡಿದಿದ್ದೇವೆ. ನಮ್ಮ ನಾಯಿ ಮೂಸಿ ನೋಡಿದೆ. ಒಂದಲ್ಲ, ಹದಿನಾಲ್ಕರಲ್ಲೂ ರೊಟ್ಟಿಯ ಸುಳಿವು ಸಿಕ್ಕಿದೆ. ಏನು ಹೇಳುತ್ತೀರಿ?

“ಕಟ್ ಮಾಡ್ರಿ! ಕಟ್ ಮಾಡ್ರಿ ಚನ್ನವ್ವಕ್ಕ!” ರಾಜಪ್ಪನವರ ಚಹಾ ಚೆಲ್ಲಿತು. “ಇದು ಫ್ರಾಡ್ ಐತಿ! ದಿನಾ ಫೋನಿನ್ಯಾಗ ಹೇಳಾಕತ್ತಾರಲ್ಲ, ಕಸ್ಟಮ್ಸ್ ಅಂತ ಹೆದರಸ್ತಾರ! ಓ.ಟಿ.ಪಿ. ಹೇಳಬ್ಯಾಡ್ರಿ!”

“ನನ್ನ ಹಂತ್ಯಾಕ ಎಲ್ಲಿ ಓ.ಟಿ.ಪಿ. ಐತ್ರಿ? ತಪ್ಪು ಐತಿ, ಅದನ್ನ ಹೇಳ್ತೇನಿ ಸುಮ್ನಿರ್ರಿ,” ಎಂದ ಚನ್ನವ್ವ ಎರಡೂ ಕೈಯಲ್ಲಿ ಫೋನು ಹಿಡಿದರು. ಹಿಂದಿ, ಮರಾಠಿ, ಕನ್ನಡ ಮೂರನ್ನೂ ತುಂಡುತುಂಡಾಗಿ ಜೋಡಿಸಿದ ಭಾಷೆಯಲ್ಲಿ ಅವರು ಒಪ್ಪಿಕೊಂಡದ್ದು ಇದು:

“ಸಾಹೇಬ್ರ, ನಿಮ್ಮ ನಾಯಿ ಸುಳ್ಳು ಹೇಳಿಲ್ರಿ. ಆದ್ರ ಒಳಗ ನಾ ಏನೂ ಇಟ್ಟಿಲ್ಲ, ದೇವರ ಸಾಕ್ಷಿ. ಬರೇ ಹೊಟ್ಟೀಲೆ ಅಷ್ಟ ದೂರ ಹೆಂಗ ಕಳಸ್ಲಿ ಅಂತ ಸಂಕಟ ಆತ್ರಿ. ಅದಕ್ಕ, ಗಂಟು ಕಟ್ಟೂ ಹಿಂದಿನ ದಿನ, ಒಂದೊಂದ ಕೌದಿ ತೊಡಿ ಮ್ಯಾಲ ಹಾಕ್ಕೊಂಡು ಅದರ ಮುಂದ ನಾನ ಒಂದೊಂದ ರೊಟ್ಟಿ ತಿಂದೇನ್ರಿ. ವಾಸನಿಯಾದ್ರೂ ಹತ್ಲಿ, ದಾರಿಗೆ ಆಸರ ಆಗ್ಲಿ ಅಂತ. ಬಿಡ್ರಿ ಸಾಹೇಬ್ರ. ರಾಜಪ್ಪಣ್ಣಂದೇನೂ ತಪ್ಪಿಲ್ಲ. ಅಲ್ಲಿ ಮುದುಕ್ಯಾರು ಥಂಡ್ಯಾಗ ಕುಂತಾರ.”

“ಹದಿನಾಕ ರೊಟ್ಟಿ?” ಎಂದರು ರಾಜಪ್ಪ, ನೀರಿನ ಮಟ್ಟ ಅಪಾಯದ ಗುರುತು ದಾಟಿದವರ ದನಿಯಲ್ಲಿ.

“ಅದಕ್ಕನ ಮರುದಿನ ಪಿತ್ತ ಆಗೇತಿ ಅಂತ ಹೊಟ್ಟಿ ತಿಕ್ಕೊಂತ ಮಲಗಿದ್ದೇನ ನೀ? ಕಷಾಯ ಕುದಿಸಿ ತಂದಾಕಿ ನಾನು!” ಎಂದರು ಪಾರವ್ವ.

ಫೋನಿನೊಳಗಿನ ಅಧಿಕಾರಿಗೆ ಏನೋ ಆಯಿತು. ಮೊದಲು ಒಂದು ಗೊರಕೆಯಂಥ ಸದ್ದು. ಆಮೇಲೆ ಕೆಮ್ಮು. ಆಮೇಲೆ ಗೊಗ್ಗರು ದನಿ ನಡುವೆಯೇ ಒಡೆದು, ತೆಳ್ಳಗಿನ ಮುದಿ ದನಿಯೊಂದು ಕಿಲಕಿಲ ಎಂದು ಹೊರಬಿತ್ತು. “ಅಗ ಚನ್ನವ್ವಾ, ಮೀ ಮಿಲ್ಕಾ!”

ಪರದೆ ಬೆಳಗಿತು. ಫೋನು ಹಿಡಿದಿದ್ದ ಮಾಲಾಳ ಕೈ ನಗೆಗೆ ಅಲ್ಲಾಡುತ್ತಿತ್ತು. ಡಿಮೋನಾದ ಆ ಮನೆಯ ಹಜಾರದಲ್ಲಿ ಅರ್ಧಚಂದ್ರಾಕಾರವಾಗಿ ಹದಿನಾಲ್ಕು ಕುರ್ಚಿ, ಹದಿನಾಲ್ಕು ಹೆಗಲು, ಹದಿನಾಲ್ಕು ಕೌದಿ. ಒಬ್ಬೊಬ್ಬರೂ ತಮ್ಮ ತಮ್ಮ ಮೂಲೆಯನ್ನು ಕ್ಯಾಮೆರಾಕ್ಕೆ ಎತ್ತಿ ಹಿಡಿದರು. ಕೆಂಪು ದಾರದಲ್ಲಿ, ಕೆಲವು ನೆಟ್ಟಗೆ, ಕೆಲವು ಹಾವಿನಂತೆ, ಎಲ್ಲ ಮೂಲೆಗಳೂ ಹೊಲಿದಿದ್ದವು. ಶನಿವಾರದ ಹಬ್ಬದೂಟದ ಬ್ರೆಡ್ಡಿನ ಚೂರು ಎಲ್ಲದರೊಳಗೆ. ಒಬ್ಬ ಅಜ್ಜ ಮಾತ್ರ ಬಿಸ್ಕೀಟು ಇಟ್ಟಿದ್ದಾರಂತೆ.

ಸೋಮವಾರವೇ ಮಾಲಾಳಿಂದ ಕೌದಿ ಮುಟ್ಟಿದ ಸುದ್ದಿ ತಿಳಿದು, ಮೂರು ದಿನ ಅದನ್ನು ಬಾಯೊಳಗೆ ಹಿಡಿದುಕೊಂಡು, ಕಸ್ಟಮ್ಸ್ ಸಾಹೇಬರ ದನಿ ಹೇಗಿರಬೇಕೆಂದು ಎಂಬತ್ತೆಂಟರ ಮಿಲ್ಕಾಬಾಯಿಗೆ ಫೋನಿನಲ್ಲೇ ತಾಲೀಮು ಕೊಟ್ಟವರು ಪಾರವ್ವ. ನಾಯಿಯನ್ನು ಸೇರಿಸಿದ್ದು ಮಿಲ್ಕಾಬಾಯಿಯ ಸ್ವಂತ ಬುದ್ಧಿ. ಹದಿನಾಲ್ಕು ರೊಟ್ಟಿಯ ಸಂಗತಿ ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ.

“ಒಂದ ತಕರಾರು ಖರೇನ ಐತಿ,” ಎಂದರು ಮಿಲ್ಕಾಬಾಯಿ, ಮತ್ತೆ ಮುಖ ಬಿಗಿಮಾಡಿ. “ನಿನ್ನ ಕೌದಿಗೆ ನಮ್ಮ ಬ್ರೆಡ್ ಸೇರವಲ್ದು. ಮೂರ ದಿನ ಆತು, ಕನಸಿನ್ಯಾಗ ಬಂದು ಜ್ವಾಳದ ರೊಟ್ಟಿ, ಕಡ್ಲಿಹಿಟ್ಟಿನ ಝುಣಕ ಬೇಡಾಕತ್ತೈತಿ.”

ಪಾರವ್ವ ಹೊಸ್ತಿಲು ಬಡಿದು ನಕ್ಕರು. ಚೆಲ್ಲಿದ ಚಹಾ ಒರೆಸುತ್ತಿದ್ದ ರಾಜಪ್ಪ, ಮೂವತ್ತೊಂದು ವರ್ಷದಲ್ಲಿ ಯಾರೂ ಕಾಣದಷ್ಟು ಹಲ್ಲು ತೋರಿಸಿದರು. ಆ ಕಡೆ ಹದಿನಾಲ್ಕು ಬೊಚ್ಚುಬಾಯಿಗಳು ತೆರೆದವು. ಚನ್ನವ್ವ ಒಂದು ಕ್ಷಣ ಪರದೆಯನ್ನೇ ನೋಡುತ್ತ ನಿಂತಿದ್ದರು. ಕಣ್ಣಿನಲ್ಲಿ ನೀರು ಇನ್ನೂ ಹೆದರಿಕೆಯದ್ದೇ ಇತ್ತು. ಆಮೇಲೆ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ನೆಲಕ್ಕೆ ಕುಸಿದು ಕುಳಿತು, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡರು. ಓಣಿಯ ಕೊನೆಯ ಮನೆಯವರು ಏನಾಯಿತೆಂದು ಬಾಗಿಲು ತೆರೆದು ಹೊರಬಂದದ್ದು ಉಳಿದವರೆಲ್ಲರ ನಗೆಗಲ್ಲ, ಚನ್ನವ್ವ ಒಬ್ಬರ ನಗೆಗೆ.